ಆನೆಯ ಆಕೃತಿಯುಳ್ಳ ಪ್ರಾಚೀನ ಆಭರಣಗಳು: ಸಾರ್ವಜನಿಕರಿಗೆ ಮಾಹಿತಿ

ಭಾರತೀಯ ಕಲೆಯಲ್ಲಿ ಆನೆಯು ರಾಜತ್ವ, ಮಳೆ ಹಾಗೂ ಸಮೃದ್ಧಿಯ ಸಂಕೇತವಾಗಿದೆ. ಲಕ್ಷ್ಮಿಯ ಇಕ್ಕೆಲಗಳಲ್ಲಿ ನಿಂತು ಜಲಾಭಿಷೇಕ ಮಾಡುವ ಆನೆಗಳು ಕ್ರಿಸ್ತಪೂರ್ವ ಕಾಲದ ಭಾರ್ಹುತ್ ಮತ್ತು ಸಾಂಚಿಯ ಶಿಲ್ಪಗಳಲ್ಲಿಯೇ ಕಂಡುಬರುತ್ತವೆ. ಇದೇ ಗಜಲಕ್ಷ್ಮಿಯ ಕಲ್ಪನೆಯು ಇಂದಿನ ಪದಕಗಳಲ್ಲಿಯೂ ಮುಂದುವರಿದಿದೆ.

ಉಳಿದು ಬಂದಿರುವ ಆಭರಣಗಳ ಪೈಕಿ ಆಂಧ್ರ ಪ್ರದೇಶದ್ದೆಂದು ಭಾವಿಸಲಾದ, ಕ್ರಿ.ಪೂ. 1ನೇ ಶತಮಾನದ ಒಂದು ಜೊತೆ ಚಿನ್ನದ ಕರ್ಣಾಭರಣಗಳು ಅತ್ಯಂತ ಗಮನಾರ್ಹವಾದವು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿರುವ ಇವುಗಳಲ್ಲಿ ಪ್ರತಿಯೊಂದರಲ್ಲೂ ಒಂದು ಆನೆ ಮತ್ತು ರೆಕ್ಕೆಯುಳ್ಳ ಒಂದು ಸಿಂಹವಿದೆ. ಕಿವಿಯ ಹಾಲೆಯನ್ನು ಹಿಗ್ಗಿಸುವಷ್ಟು ಭಾರವಾದ ಈ ಆಭರಣಗಳಲ್ಲಿ ಚಿನ್ನದ ಸಣ್ಣ ಗುಂಡುಗಳನ್ನು ಬೆಸೆದಿರುವ ಕುಸುರಿ ಅಪೂರ್ವವಾದುದು. ಕರ್ನಾಟಕದಲ್ಲಿ ತಲಕಾಡಿನ ಗಂಗರ ಲಾಂಛನವು ಆನೆಯಾಗಿದ್ದು, ಅವರದೆಂದು ಗುರುತಿಸಲಾದ ಚಿನ್ನದ ನಾಣ್ಯಗಳ ಒಂದು ಮುಖದಲ್ಲಿ ಅಲಂಕೃತ ಆನೆಯಿದೆ. ಇಂತಹ ಹಳೆಯ ನಾಣ್ಯಕ್ಕೆ ಕೊಂಡಿ ಬೆಸೆದು ಸರಕ್ಕೆ ಪೋಣಿಸಿದರೂ ಅದು ಪ್ರಾಚೀನ ವಸ್ತುವೇ ಆಗಿರುತ್ತದೆ.

ಎರಡು ತುದಿಗಳಲ್ಲಿ ಆನೆಮೊಗಗಳು ಎದುರುಬದುರಾಗಿರುವ ಕಡಗಗಳಿಗೆ ಜೈಪುರದ ಮೀನಾಕಾರಿ ಕುಶಲಕರ್ಮಿಗಳು ಹೆಸರಾದವರು. ಆದರೆ ಸೊಂಡಿಲಿದ್ದ ಮಾತ್ರಕ್ಕೆ ಅದು ಆನೆಯೆಂದು ನಿರ್ಧರಿಸಲಾಗದು. ಮಕರದ ಮೂತಿಯೂ ಸೊಂಡಿಲಿನಂತೆಯೇ ಇರುತ್ತದೆ. ಅರ್ಜಿಯಲ್ಲಿ ವಸ್ತುವಿನ ವಿವರ ಬರೆಯುವಾಗ ಈ ವ್ಯತ್ಯಾಸವನ್ನು ಗಮನಿಸುವುದು ಸೂಕ್ತ.

ಕಾನೂನು ಅನ್ವಯವಾಗುವುದು ಆಕೃತಿಗಲ್ಲ, ವಸ್ತುವಿನ ವಯಸ್ಸಿಗೆ ಮತ್ತು ಅದನ್ನು ಯಾವುದರಿಂದ ಮಾಡಲಾಗಿದೆ ಎಂಬುದಕ್ಕೆ. 1972ರ ಪ್ರಾಚೀನ ವಸ್ತುಗಳು ಮತ್ತು ಕಲಾ ನಿಧಿಗಳ ಅಧಿನಿಯಮದ ಪ್ರಕಾರ, 100 ವರ್ಷಗಳಿಗಿಂತ ಕಡಿಮೆಯಿಲ್ಲದ ಇಂತಹ ಕಲಾವಸ್ತುಗಳನ್ನು ಖಾಸಗಿ ವ್ಯಕ್ತಿಗಳು ವಿದೇಶಕ್ಕೆ ರಫ್ತು ಮಾಡುವಂತಿಲ್ಲ. ಹಳೆಯ ಮಾದರಿಯಲ್ಲಿ ಹೊಸದಾಗಿ ಮಾಡಿಸಿದ ಒಡವೆಗೆ ಈ ನಿರ್ಬಂಧವಿಲ್ಲ. ಸಂದೇಹಕ್ಕೆ ಅವಕಾಶವಿದ್ದಲ್ಲಿ ಪ್ರಯಾಣಕ್ಕೆ ಸಾಕಷ್ಟು ಮುಂಚಿತವಾಗಿ ಛಾಯಾಚಿತ್ರಗಳೊಂದಿಗೆ ಅರ್ಜಿ ಸಲ್ಲಿಸಿ, ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯಿಂದ 'ಪ್ರಾಚೀನ ವಸ್ತುವಲ್ಲ' ಎಂಬ ಪ್ರಮಾಣಪತ್ರ ಪಡೆಯತಕ್ಕದ್ದು.

ದಂತದ ಬಳೆ ಮತ್ತು ಆನೆಬಾಲದ ಕೂದಲಿನ ಉಂಗುರಗಳ ವಿಷಯ ಬೇರೆ. ಇವು ಎಷ್ಟೇ ಹೊಸದಾಗಿರಲಿ, ಎಷ್ಟೇ ಚಿಕ್ಕದಾಗಿರಲಿ, 1972ರ ವನ್ಯಜೀವಿ (ಸಂರಕ್ಷಣಾ) ಅಧಿನಿಯಮದ ವ್ಯಾಪ್ತಿಗೆ ಬರುತ್ತವೆ. ಚಿನ್ನದ ಕಟ್ಟು ಹಾಕಿಸಿದ್ದರೂ ಇವುಗಳನ್ನು ಮಾರುವಂತಿಲ್ಲ, ಕೊಳ್ಳುವಂತಿಲ್ಲ. ಒಡೆತನದ ಪ್ರಮಾಣಪತ್ರವಿರುವ ವಸ್ತುವು ಉತ್ತರಾಧಿಕಾರದಿಂದ ಬಂದಲ್ಲಿ, ವಾರಸುದಾರರು 90 ದಿನಗಳೊಳಗೆ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಘೋಷಣೆ ಸಲ್ಲಿಸತಕ್ಕದ್ದು.