ಮೂರು ಸೀಟಿನ ಕಾರು, ಕನೆಹಲಗೆಯ ನೀರು

ಕಂಬಳ ನೋಡಿ ಬೆಳೆದವರಿಗೆ ಒಂದು ಸಂಗತಿ ಗೊತ್ತು: ಎಲ್ಲ ಓಟವನ್ನೂ ಗಡಿಯಾರ ಅಳೆಯುವುದಿಲ್ಲ. ಕನೆಹಲಗೆಯಲ್ಲಿ ಕೋಣಗಳು ಎಷ್ಟು ಬೇಗ ಓಡಿದವು ಎಂದು ಯಾರೂ ಕೇಳುವುದಿಲ್ಲ. ಹಲಗೆಯ ತೂತಿನಿಂದ ಚಿಮ್ಮಿದ ನೀರು ಮೇಲೆ ಕಟ್ಟಿದ ನಿಶಾನೆಯ ಬಟ್ಟೆ ಮುಟ್ಟಿತೇ ಎಂದಷ್ಟೇ ನೋಡುತ್ತಾರೆ. ಹಳೆಯ ರೇಸ್ ಕಾರು ಮೇಲೋ ಹೊಸ ಹೈಬ್ರಿಡ್ ಮೇಲೋ ಎಂಬ ವಾದ ಎದ್ದಾಗೆಲ್ಲ ನನಗೆ ಆ ಬಟ್ಟೆಯ ನೆನಪಾಗುತ್ತದೆ.

1988ರಲ್ಲಿ ಮೆಕ್‌ಲಾರೆನ್ ತಂಡ ಹದಿನಾರು ಫಾರ್ಮುಲಾ ಒನ್ ರೇಸುಗಳಲ್ಲಿ ಹದಿನೈದು ಗೆದ್ದಿತು. ಸೋತದ್ದು ಇಟಲಿಯ ಮೊಂಜಾದಲ್ಲಿ ಮಾತ್ರ. ಸೋತು ಮನೆಗೆ ಹೊರಟವರು ಮಿಲಾನಿನ ವಿಮಾನ ನಿಲ್ದಾಣದಲ್ಲಿ ತಡವಾದ ವಿಮಾನಕ್ಕಾಗಿ ಕಾಯುತ್ತ ಕುಳಿತಾಗ ರಸ್ತೆಗೊಂದು ಕಾರು ಮಾಡುವ ಮಾತು ಬಂತು. ಡರ್ಬನ್‌ನಲ್ಲಿ ಹುಟ್ಟಿದ ಗಾರ್ಡನ್ ಮರ್ರೆ ಅದನ್ನು ವಿನ್ಯಾಸಗೊಳಿಸಿದ. 1992ರಲ್ಲಿ ಹೊರಬಂದ ‘ಮೆಕ್‌ಲಾರೆನ್ ಎಫ್1’ಗೆ ಮೂರು ಸೀಟು, ನಡುವೆ ಚಾಲಕ. ಬಿಎಂಡಬ್ಲ್ಯು ಕಂಪನಿಯ ಹನ್ನೆರಡು ಸಿಲಿಂಡರ್ ಎಂಜಿನ್, 627 ಅಶ್ವಶಕ್ತಿ, ತೂಕ 1,138 ಕಿಲೋ. ಎಂಜಿನ್ ಗೂಡಿನ ಒಳಮೈಗೆ ಬಿಸಿ ತಡೆಯಲು ಬಂಗಾರದ ಹಾಳೆ! ಆದರೆ ಎಬಿಎಸ್ ಇಲ್ಲ, ಪವರ್ ಸ್ಟೀರಿಂಗ್ ಇಲ್ಲ. ಮರ್ರೆಗೆ ಅದನ್ನು ರೇಸಿಗೆ ಇಳಿಸುವ ಮನಸ್ಸೂ ಇರಲಿಲ್ಲ. ಕೊಂಡವರೇ ಕಾಡಿ ಬೇಡಿ ಒಪ್ಪಿಸಿದರು. 1995ರ ಲೆ ಮಾನ್ 24 ಗಂಟೆಗಳ ಓಟದಲ್ಲಿ, ಸುರಿಯುವ ಮಳೆಯಲ್ಲಿ, ಅದರ ‘ಜಿಟಿಆರ್’ ರೂಪ ಮೊದಲ ಸ್ಥಾನ ಪಡೆಯಿತು. ರೇಸಿನ ನಿಯಮದಂತೆ ಗಾಳಿಯ ದಾರಿ ಕಿರಿದು ಮಾಡಿದ್ದರಿಂದ ಗೆದ್ದ ಕಾರಿನ ಶಕ್ತಿ ರಸ್ತೆಯ ಕಾರಿಗಿಂತ ಕಡಿಮೆಯೇ ಇತ್ತು.

2013ರಲ್ಲಿ ಅದೇ ಕಂಪನಿ ‘ಪಿ1’ ತಂದಿತು. 3.8 ಲೀಟರಿನ ಎಂಟು ಸಿಲಿಂಡರ್ ಎಂಜಿನ್, ಎರಡು ಟರ್ಬೊ, ಜತೆಗೊಂದು ವಿದ್ಯುತ್ ಮೋಟಾರು. ಒಟ್ಟು 903 ಅಶ್ವಶಕ್ತಿ. ಟರ್ಬೊ ಉಸಿರು ಹಿಡಿಯುವ ಆ ಅರೆಗಳಿಗೆಯ ತಡವನ್ನು ಮೋಟಾರು ತುಂಬಿಕೊಡುತ್ತದೆ. ಬ್ಯಾಟರಿಯ ಭಾರ ಬೇರೆ. ಸೊನ್ನೆಯಿಂದ ನೂರು ಕಿಲೋಮೀಟರಿಗೆ 2.8 ಸೆಕೆಂಡು. ಗರಿಷ್ಠ ವೇಗವನ್ನು ಮಾತ್ರ 350ಕ್ಕೆ ಕಟ್ಟಿಹಾಕಿದ್ದಾರೆ. ಎಫ್1 1998ರಲ್ಲೇ ಜರ್ಮನಿಯಲ್ಲಿ 386 ದಾಟಿತ್ತು. ಹಾಗಾದರೆ ಯಾವುದು ವೇಗದ್ದು?

2020ರಲ್ಲಿ ಐಕಳದ ಕರೆಯಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದಾಗಲೂ ಇದೇ ಗೊಂದಲವಾಯಿತು. ನೂರು ಮೀಟರಿಗೆ ಲೆಕ್ಕ ಹಾಕಿ ಉಸೇನ್ ಬೋಲ್ಟ್ ಪಕ್ಕ ನಿಲ್ಲಿಸಿದರು. ಕೆಸರನ್ನೂ ಮುಂದೆ ಎಳೆಯುವ ಕೋಣಗಳನ್ನೂ ಲೆಕ್ಕದಿಂದ ಬಿಟ್ಟರು. ನಮ್ಮ ವಂಡಾರಿನ, ಬೈಂದೂರು ಕಡೆಯ ತಗ್ಗರ್ಸೆಯ ಸಾಂಪ್ರದಾಯಿಕ ಕಂಬಳವನ್ನು ಲೇಸರ್ ಗಡಿಯಾರದ ಜೋಡುಕರೆಯ ಜತೆ ತೂಗುವವರೂ ಮಾಡುವ ತಪ್ಪು ಅದೇ. ಹರಕೆಗೆ ಇಳಿಸಿದ ಜೋಡಿಗೆ ಸೆಕೆಂಡಿನ ನೂರನೆಯ ಭಾಗ ಯಾಕೆ?

ನನ್ನ ಒಲವು ಎಫ್1 ಕಡೆಗೆ, ಮುಚ್ಚಿಡುವುದಿಲ್ಲ. ಕನೆಹಲಗೆಯ ಮೇಲೆ ಕಾಲಿಟ್ಟವನಂತೆ ಅದರ ಚಾಲಕ ತಪ್ಪಿದರೆ ಹಿಡಿಯಲು ಯಾವ ಕಂಪ್ಯೂಟರೂ ಇಲ್ಲ. ಆದರೂ ಪಿ1ರ ಚರಿತ್ರೆಯಲ್ಲಿ ಒಂದು ತಿರುವು ಇದೆ. ಟ್ರ್ಯಾಕಿಗೆಂದೇ ಮಾಡಿದ ಪಿ1 ಜಿಟಿಆರ್ ಕಾರುಗಳಲ್ಲಿ ಕೆಲವನ್ನು ಆಮೇಲೆ ನಂಬರ್ ಪ್ಲೇಟ್ ಹಾಕಿ ರಸ್ತೆಗೆ ಇಳಿಸುವಂತೆ ಬದಲಿಸಿದರು. ಬದಲಿಸಿದ್ದು ಲ್ಯಾನ್ಜಾಂಟೆ ಸಂಸ್ಥೆ. 1995ರಲ್ಲಿ ಲೆ ಮಾನ್ ಗೆದ್ದ ಎಫ್1 ಕಾರನ್ನು ಓಡಿಸಿದ್ದೂ ಅದೇ ಲ್ಯಾನ್ಜಾಂಟೆಯವರ ತಂಡ.