ಒಂದೇ ಕಂಬದ ಆಂಟೆನಾಗಳು

ಆಂಟೆನಾಗಳನ್ನು ಒತ್ತೊತ್ತಾಗಿ ನಿಲ್ಲಿಸಿದರೆ ಒಂದರ ಕೆಲಸದಲ್ಲಿ ಇನ್ನೊಂದು ಕೈ ಹಾಕುತ್ತದೆ. ಒಂದರ ಅಲೆ ಪಕ್ಕದ ಲೋಹಕ್ಕೆ ತಾಗಿ ಅಲ್ಲಿ ವಿದ್ಯುತ್ ಹರಿಯುತ್ತದೆ. ಆ ವಿದ್ಯುತ್ತಿನಿಂದ ಎದ್ದ ಮತ್ತೊಂದು ಅಲೆ ಮೊದಲಿನದಕ್ಕೆ ಬಂದು ತಟ್ಟುತ್ತದೆ. ಅಂತರ ಅರ್ಧ ತರಂಗಾಂತರಕ್ಕಿಂತ ಕಡಿಮೆಯಾದಾಗ ಈ ಕಾಟ ಜೋರು. 1926ರಲ್ಲಿ ಜಪಾನಿನ ಶಿಂತಾರೊ ಉದಾ ಮತ್ತು ಹಿದೆತ್ಸುಗು ಯಾಗಿ ಅದೇ ಕಾಟವನ್ನು ದುಡಿಮೆಗೆ ಹಚ್ಚಿದರು. ಅವರ ಆಂಟೆನಾದಲ್ಲಿ ತಂತಿ ಸೇರುವುದು ಒಂದೇ ಕೊಳವೆಗೆ. ಹಿಂದಿನ ಉದ್ದ ಕೊಳವೆಗೂ ಮುಂದಿನ ಗಿಡ್ಡ ಕೊಳವೆಗಳಿಗೂ ಯಾವ ತಂತಿಯೂ ಇಲ್ಲ. ಬರೀ ನೆರೆಹೊರೆಯ ಬಲದಿಂದ ಅವು ಅಲೆಯನ್ನು ಒಂದು ದಿಕ್ಕಿಗೆ ತಿರುಗಿಸುತ್ತವೆ.

ದೂರದರ್ಶನದ ಕಾಲದಲ್ಲಿ ಸಾಲಿಗ್ರಾಮ, ಕೋಟ, ಬ್ರಹ್ಮಾವರದ ಹಂಚಿನ ಮಾಡುಗಳ ಮೇಲೆ ಎದ್ದು ನಿಂತದ್ದೂ ಇದೇ ಯಾಗಿ ಆಂಟೆನಾ. ಜಿಐ ಪೈಪು, ಅಲ್ಯೂಮಿನಿಯಂ ಕೊಳವೆ, ಕಿಟಕಿಯ ಸಂದಿನಿಂದ ಒಳಗೆ ಇಳಿಯುವ ಚಪ್ಪಟೆ ವಯರು; ಉಪ್ಪುಗಾಳಿಗೆ ತುಕ್ಕು ಹಿಡಿಯುವ ನಟ್ಟು–ಬೋಲ್ಟು. ಮಳೆಗಾಳಿಗೆ ಪೈಪು ತಿರುಗಿತೆಂದರೆ ಒಬ್ಬ ಮೇಲೆ ಹತ್ತಿ ತಿರುಗಿಸಬೇಕು, ಇನ್ನೊಬ್ಬ ಟೀವಿ ಮುಂದೆ ನಿಂತು "ಬಂತು, ಬಂತು, ಹೋಯ್ತು" ಎಂದು ಕೂಗಬೇಕು. ಟೀವಿ ಪ್ರಸಾರದ ನಾಲ್ಕನೇ ಚಾನೆಲಿನ ಅಲೆ 61ರಿಂದ 68 ಮೆಗಾಹರ್ಟ್ಸ್‌ನದು, ಅದರ ಅರ್ಧ ತರಂಗಾಂತರವೇ ಎರಡು ಮೀಟರಿಗೆ ಮೇಲು. ಅದೇ ಪೈಪಿಗೆ ಇನ್ನೊಂದು ಆಂಟೆನಾ ಬಿಗಿಯುವವರಿಗೆ ಅಷ್ಟು ಜಾಗ ಎಲ್ಲಿಂದ ಬರಬೇಕು? ಒಂದು ಮೊಳ ಬಿಟ್ಟು ಕಟ್ಟಿದರೆ ಚಿತ್ರ ಕಾಳುಕಾಳಾಗಬಹುದಿತ್ತು, ಬೈಗುಳ ಮಾತ್ರ ಟೀವಿಗೆ.

ಈ ನೆರೆಹೊರೆಯನ್ನು ಲೆಕ್ಕಕ್ಕೆ ಕಟ್ಟಿಹಾಕಿದ ದೊಡ್ಡ ಉದಾಹರಣೆ ಗೌರಿಬಿದನೂರಿನದು. ರಾಮನ್ ಸಂಶೋಧನಾ ಸಂಸ್ಥೆ ಮತ್ತು ಭಾರತೀಯ ಖಭೌತ ಸಂಸ್ಥೆ ಸೇರಿ 1976ರ ಹೊತ್ತಿಗೆ ಅಲ್ಲಿ ನಿಲ್ಲಿಸಿದ ರೇಡಿಯೊ ದೂರದರ್ಶಕದಲ್ಲಿ 1000 ಡೈಪೋಲ್ ಆಂಟೆನಾಗಳಿದ್ದವು. ಇಂಗ್ಲಿಷಿನ 'ಟಿ' ಆಕಾರ. ಪೂರ್ವ–ಪಶ್ಚಿಮ ತೋಳು ಸುಮಾರು 1.4 ಕಿಲೋಮೀಟರ್, ದಕ್ಷಿಣದ್ದು 450 ಮೀಟರ್. ಅದು ಆಲಿಸುತ್ತಿದ್ದ 34.5 ಮೆಗಾಹರ್ಟ್ಸ್ ಅಲೆಯ ಉದ್ದ 8.7 ಮೀಟರ್. ದಕ್ಷಿಣದ ತೋಳಿನಲ್ಲಿ ಸಾಲಿನಿಂದ ಸಾಲಿಗೆ ಸುಮಾರು 5 ಮೀಟರ್, ಅಂದರೆ ಅರ್ಧ ತರಂಗಾಂತರಕ್ಕಿಂತ ತುಸುವೇ ಹೆಚ್ಚು. ಸಾಲುಗಳನ್ನು ಇನ್ನೂ ದೂರ ಇಟ್ಟರೆ ಆಕಾಶದ ಬೇರೆ ದಿಕ್ಕಿನ ಸದ್ದೂ ಅಷ್ಟೇ ಜೋರಾಗಿ ನುಗ್ಗುತ್ತದೆ, ಹತ್ತಿರ ತಂದರೆ ಪರಸ್ಪರ ಕಾಟ. ಆ ಇಕ್ಕಟ್ಟಿನಲ್ಲಿ ಸಿಕ್ಕ ಅಂತರ ಇದು.

ಮೊಬೈಲ್ ಬಂದ ಮೇಲೆ ಇಕ್ಕಟ್ಟು ಹೆದ್ದಾರಿ ಬದಿಯ ಗೋಪುರಗಳಿಗೆ ಏರಿತು. 2000ದ ದಶಕದಲ್ಲಿ ಸಿಡಿಎಂಎ ಎಂಬ ಮೊಬೈಲ್ ಪದ್ಧತಿಯ ಗೋಪುರಗಳು 869ರಿಂದ 889 ಮೆಗಾಹರ್ಟ್ಸ್‌ನಲ್ಲಿ ಮಾತು ಕಳಿಸುತ್ತಿದ್ದವು. ಇನ್ನೊಂದು ಪದ್ಧತಿಯಾದ ಜಿಎಸ್‌ಎಂನ ಗೋಪುರಗಳು 890ರಿಂದ ಮೇಲೆ ಫೋನುಗಳ ಮಾತು ಕೇಳಿಸಿಕೊಳ್ಳುತ್ತಿದ್ದವು. ನಡುವಿನ ಬೇಲಿ ಒಂದೇ ಮೆಗಾಹರ್ಟ್ಸ್. ಪಕ್ಕದಲ್ಲಿ ಅರಚುವವನಿದ್ದರೆ ದೂರದ ಪಿಸುಮಾತು ಕೇಳೀತೆ? ಫಿಲ್ಟರ್ ಕೂರಿಸುವುದು ಒಂದು ದಾರಿ, ಆಂಟೆನಾಗಳನ್ನು ಮೇಲೆ–ಕೆಳಗೆ ಕಟ್ಟುವುದು ಇನ್ನೊಂದು. ಗೋಪುರದ ಪ್ಯಾನೆಲ್ ಆಂಟೆನಾಗಳು ಅಡ್ಡಕ್ಕೆ ನೋಡುವುದರಿಂದ, ಅಕ್ಕಪಕ್ಕಕ್ಕಿಂತ ಮೇಲೆ–ಕೆಳಗಿನ ಅಂತರವೇ ಹೆಚ್ಚು ರಕ್ಷಣೆ. ಗೋಪುರ ಹಂಚಿಕೊಳ್ಳಲು 2008ರಲ್ಲಿ ದೂರಸಂಪರ್ಕ ಇಲಾಖೆ ನಿಯಮ ಮಾಡಿದ ಮೇಲಂತೂ ಒಂದೇ ಕಂಬಕ್ಕೆ ಹಲವು ಕಂಪೆನಿಗಳ ಪ್ಯಾನೆಲು ಬರುವುದು ಮಾಮೂಲಾಯಿತು.

4ಜಿ ಬಂದಾಗ ಫೋನಿನೊಳಗೂ ಮೊಬೈಲ್ ಅಲೆಗೇ ಒಂದಕ್ಕಿಂತ ಹೆಚ್ಚು ಆಂಟೆನಾ ಇರುವುದು ಮಾಮೂಲಾಯಿತು. 900 ಮೆಗಾಹರ್ಟ್ಸ್‌ನ ಅರ್ಧ ತರಂಗಾಂತರ ಸುಮಾರು 17 ಸೆಂಟಿಮೀಟರ್. ಫೋನಿನ ಉದ್ದವೇ ಸಾಮಾನ್ಯವಾಗಿ ಅಷ್ಟಿರುವುದಿಲ್ಲ. ಹಾಗಾಗಿ ಅಲ್ಲಿ ಅಷ್ಟು ಅಂತರದ ಆಸೆ ಬಿಟ್ಟು, ಆಂಟೆನಾಗಳನ್ನು ಎದುರುಬದುರು ತುದಿಗಳಿಗೆ ಇಟ್ಟು, ಒಂದು ನೆಟ್ಟಗೆ ಇನ್ನೊಂದು ಅಡ್ಡಕ್ಕೆ ಮಲಗಿಸಿ ಕಾಟ ತಗ್ಗಿಸುತ್ತಾರೆ.