ಪೈಲಟ್ ಆಗಲು ಬುದ್ಧಿಹಲ್ಲು ಕೀಳಿಸಬೇಕೆ?

ಸೇಡಂ, ಚಿತ್ತಾಪುರ, ಚಿಂಚೋಳಿ ಸೀಮೆಯವರಿಗೆ ವಾಯುಪಡೆ ದೂರದ ಸಂಗತಿಯಲ್ಲ. ಚಿಂಚೋಳಿಯ ಗಡಿ ದಾಟಿದರೆ ಬೀದರ್ ಜಿಲ್ಲೆ. ಅಲ್ಲಿನ ವಾಯುನೆಲೆಯಲ್ಲಿ 1963ರಲ್ಲಿ ಪ್ರಾಥಮಿಕ ಹಾರಾಟ ಶಾಲೆ ನೆಲೆಯಾಯಿತು. ಸೂರ್ಯಕಿರಣ ತಂಡ 1996ರಲ್ಲಿ ರೂಪುಗೊಂಡದ್ದೂ ಹಾಕ್ ತರಬೇತಿ ಜೆಟ್‌ಗಳು 2008ರಲ್ಲಿ ವಾಯುಪಡೆ ಸೇರಿದ್ದೂ ಅಲ್ಲಿಯೇ. ಹೀಗಾಗಿ ವಾಡಿ, ಶಹಾಬಾದ್, ಆದಿತ್ಯನಗರದ ಸಿಮೆಂಟ್ ಕಾಲೊನಿಗಳಲ್ಲಿ ಬೆಳೆದ ಮಕ್ಕಳು ವಿಮಾನ ಹಾರಿಸುವ ಕನಸು ಕಂಡರೆ ಆಶ್ಚರ್ಯವಿಲ್ಲ. ಆ ಕನಸಿನ ಬೆನ್ನಿಗೇ ಒಂದು ವಿಚಿತ್ರ ಪ್ರಶ್ನೆಯೂ ಬರುತ್ತದೆ: ತರಬೇತಿಗೆ ಹೋಗುವ ಮುನ್ನ ಬುದ್ಧಿಹಲ್ಲನ್ನು ಕೀಳಿಸಿಕೊಂಡೇ ಹೋಗಬೇಕೆ?

ಪ್ರಶ್ನೆ ಈ ಹಲ್ಲಿಗೇ ಅಂಟಿಕೊಳ್ಳಲು ಕಾರಣವಿದೆ. ಉರ್ದುವಿನಲ್ಲಿ ‘ಅಕಲ್ ದಾಢ್’ ಎನಿಸಿಕೊಳ್ಳುವ ಈ ಕಡೆಯ ದವಡೆಹಲ್ಲು ಸಾಮಾನ್ಯವಾಗಿ ಮೂಡುವುದು 17ರಿಂದ 25ರ ವಯಸ್ಸಿನಲ್ಲಿ. ರಾಷ್ಟ್ರೀಯ ರಕ್ಷಣಾ ಅಕಾಡೆಮಿಗೆ ಸೇರುವ ವಯಸ್ಸು ಹದಿನಾರೂವರೆಯಿಂದ ಹತ್ತೊಂಬತ್ತೂವರೆ. ಅಂದರೆ ವಿಮಾನ ಕಲಿಯುವ ಕಾಲವೂ ಹಲ್ಲು ಕಾಟ ಕೊಡುವ ಕಾಲವೂ ಒಂದೇ. ದವಡೆಯಲ್ಲಿ ಜಾಗ ಸಾಲದೆ ಹಲ್ಲು ಅಡ್ಡವಾಗಿ ಸಿಕ್ಕಿಬಿದ್ದರೆ, ಅರ್ಧ ಮುಚ್ಚಿದ ವಸಡಿನ ಕೆಳಗೆ ಅನ್ನದ ಅಗುಳು ಸೇರಿ ಕೀವಾಗುತ್ತದೆ. ಮುಖ ಊದಿ ಬಾಯಿ ತೆರೆಯುವುದೇ ಕಷ್ಟವಾಗುತ್ತದೆ. ಅಂಥವರು ಆಮ್ಲಜನಕದ ಮುಖವಾಡವನ್ನು ಬಿಗಿದುಕೊಂಡು ಕೂರುವುದು ಹೇಗೆ?

ಎತ್ತರದಲ್ಲಿ ಹಲ್ಲುನೋವು

ಇನ್ನೊಂದು ಕಾರಣ ಗಾಳಿಯ ಒತ್ತಡ. ಒತ್ತಡ ಕಡಿಮೆಯಾದಂತೆ ಗಾಳಿ ಹಿಗ್ಗುತ್ತದೆ ಎಂಬುದನ್ನು ಇಂಗ್ಲೆಂಡಿನ ರಾಬರ್ಟ್ ಬಾಯ್ಲ್ 1662ರಲ್ಲಿಯೇ ನಿಯಮವಾಗಿ ಹೇಳಿದ್ದ. ಸುಮಾರು 5,500 ಮೀಟರ್ ಎತ್ತರದಲ್ಲಿ ಒತ್ತಡ ನೆಲಮಟ್ಟದ ಅರ್ಧಕ್ಕೆ ಇಳಿಯುತ್ತದೆ. ಗಟ್ಟಿಮುಟ್ಟಾದ ಹಲ್ಲಿನೊಳಗೆ ಗಾಳಿಗೆ ಎಡೆಯಿಲ್ಲ; ಅದಕ್ಕೆ ಏನೂ ಆಗದು. ಆದರೆ ಹುಳುಕು ಹಲ್ಲಿನಲ್ಲೋ ಸರಿಯಾಗಿ ಕೂರದ ಸಿಮೆಂಟಿನ ಅಡಿಯಲ್ಲೋ ಗಾಳಿ ಸಿಕ್ಕಿಕೊಂಡಿದ್ದರೆ, ಅದು ಹಿಗ್ಗಿ ನರವನ್ನು ಒತ್ತಬಹುದು. ಮೊದಲೇ ಊದಿಕೊಂಡಿರುವ ನರಕ್ಕೆ ಒತ್ತಡದ ಬದಲಾವಣೆಯೇ ಸಾಕು. ನೆಲದ ಮೇಲೆ ಸುಮ್ಮನಿದ್ದ ಹಲ್ಲು ಆಕಾಶದಲ್ಲಿ ಇದ್ದಕ್ಕಿದ್ದಂತೆ ಜೀವ ಹಿಂಡತೊಡಗುತ್ತದೆ.

ಒತ್ತಡ ಕಾಯ್ದಿಡುವ ವ್ಯವಸ್ಥೆ ಇಲ್ಲದ ಬಾಂಬರ್ ವಿಮಾನಗಳು ಎತ್ತರಕ್ಕೆ ಏರಿದ ಎರಡನೇ ಮಹಾಯುದ್ಧದ ಕಾಲದಲ್ಲಿ ವೈದ್ಯರು ಈ ನೋವಿನತ್ತ ವಿಶೇಷವಾಗಿ ಗಮನ ಹರಿಸಿದರು. ಇಂದಿನ ಪ್ರಯಾಣಿಕರ ವಿಮಾನದಲ್ಲಿ ಈ ತೊಂದರೆ ಅಪರೂಪ. ಯುದ್ಧವಿಮಾನದ ಕಾಕ್‌ಪಿಟ್‌ನಲ್ಲಿ ಒತ್ತಡ ಅದಕ್ಕಿಂತ ಕಡಿಮೆ. ಏರಿಳಿತವೂ ಬಹಳ ವೇಗ. ಕ್ಷಣಮಾತ್ರದ ನೋವು ಅಲ್ಲಿ ಪ್ರಾಣಕ್ಕೇ ಎರವಾಗಬಹುದು.

ಹಲ್ಲಿಗೂ ಅಂಕ

ಹಾಗಾದರೆ ನಮ್ಮ ನಿಯಮ ಏನು ಹೇಳುತ್ತದೆ? ಬುದ್ಧಿಹಲ್ಲನ್ನು ಕೀಳಿಸಿಯೇ ಬರಬೇಕೆಂದು ಅದು ಹೇಳುವುದಿಲ್ಲ. ಬದಲಿಗೆ ಆ ಹಲ್ಲಿಗೆ ಅಂಕ ಕೊಡುತ್ತದೆ! ರಕ್ಷಣಾ ಪಡೆಗಳ ವೈದ್ಯಕೀಯ ಪರೀಕ್ಷೆಯಲ್ಲಿ ಅಭ್ಯರ್ಥಿಗೆ ಕನಿಷ್ಠ 14 ದಂತಾಂಕ ಬೇಕು. ಮೇಲಿನ ಹಲ್ಲೂ ಕೆಳಗಿನ ಹಲ್ಲೂ ಒಂದಕ್ಕೊಂದು ಕೂಡಿದರೆ ಅಂಕ. ಮುಂದಿನ ಹಲ್ಲುಗಳ ಜೋಡಿಗೆ ತಲಾ 1, ದವಡೆಹಲ್ಲಿನ ಜೋಡಿಗೆ ತಲಾ 2. ಪೂರ್ತಿ ಬೆಳೆದ ಬುದ್ಧಿಹಲ್ಲಿಗೂ 2 ಅಂಕವೇ, ಬೆಳೆಯದಿದ್ದರೆ 1. ಹೀಗೆ 32 ಹಲ್ಲೂ ಇದ್ದವರಿಗೆ 22 ಅಥವಾ 20 ಅಂಕ. ಚೆನ್ನಾಗಿರುವ ನಾಲ್ಕು ಬುದ್ಧಿಹಲ್ಲನ್ನು ಕೀಳಿಸಿಕೊಂಡವರ ಅಂಕ 22ರಿಂದ 18ಕ್ಕೆ ಇಳಿಯುತ್ತದೆ. ಅದರಿಂದ ಅನರ್ಹರಾಗುವುದಿಲ್ಲ, ನಿಜ. ಆದರೆ ಬೇರೆ ಹಲ್ಲುಗಳೂ ಹೋಗಿದ್ದರೆ ಕೈಯಲ್ಲಿದ್ದ ಅಂಕವನ್ನು ತಾವೇ ಕಳೆದುಕೊಂಡಂತೆ.

ಕೀಳುವುದಕ್ಕೂ ಬೆಲೆಯಿದೆ. ಮೇಲಿನ ದವಡೆಯ ಹಿಂಬದಿಯ ಹಲ್ಲುಗಳ ಬೇರು ಕೆನ್ನೆಯೆಲುಬಿನ ಗಾಳಿಗೂಡಿಗೆ ಹತ್ತಿರ. ಕಿತ್ತ ಗಾಯ ಮಾಯುವವರೆಗೆ ಹಾರಾಟ ಸಲ್ಲದು. ತೊಂದರೆ ಕೊಡದ ಬುದ್ಧಿಹಲ್ಲನ್ನು ಮುಂಜಾಗ್ರತೆಯ ಹೆಸರಿನಲ್ಲಿ ಕೀಳಬಾರದೆಂದು ಬ್ರಿಟನ್ನಿನ ಆರೋಗ್ಯ ಸಂಸ್ಥೆ 2000ದಲ್ಲಿಯೇ ಸೂಚಿಸಿತ್ತು. ಆದರೆ ಸಿಕ್ಕಿಬಿದ್ದು ಕೀವಾಗುವ ಹಲ್ಲಿನ ಮಾತು ಬೇರೆ. ಅದನ್ನು ತರಬೇತಿಯ ನಡುವೆ ಕೀಳಿಸುವುದಕ್ಕಿಂತ ಮೊದಲೇ ಕೀಳಿಸುವುದು ಜಾಣತನ.

ಬೆಂಗಳೂರಿನ ಪಾಠ

ಹಲ್ಲು ಎಷ್ಟು ದೊಡ್ಡ ಸಂಗತಿ ಎಂಬುದು ಗಗನಯಾನದ ಆಯ್ಕೆಯಲ್ಲಿ ಕಂಡಿತು. 1957ರಲ್ಲಿ ಆರಂಭವಾದ ಬೆಂಗಳೂರಿನ ವೈಮಾನಿಕ ವೈದ್ಯಕೀಯ ಸಂಸ್ಥೆಯೇ ರಾಕೇಶ್ ಶರ್ಮಾ ಅವರನ್ನು 1984ರ ಯಾತ್ರೆಗೆ ಮುನ್ನ ಪರೀಕ್ಷಿಸಿತ್ತು. 2019ರಲ್ಲಿ ಅಲ್ಲಿಗೆ ಸುಮಾರು 60 ಪೈಲಟ್‌ಗಳು ಬಂದರು. ಮೊದಲ ಹಂತದಲ್ಲಿ ಉಳಿದವರು 12. ಹಲವರು ಹಿಂದೆ ಬೀಳಲು ಹಲ್ಲಿನ ದೋಷವೂ ಕಾರಣವೆಂದು ಸಂಸ್ಥೆಯ ವೈದ್ಯರು ಆಗ ತಿಳಿಸಿದರು. ಅವರೆಲ್ಲ ಯುದ್ಧವಿಮಾನ ಹಾರಿಸುತ್ತಿದ್ದ ಗಟ್ಟಿಗರು ಎಂಬುದನ್ನು ನೆನೆಯಬೇಕು. ಬಾಹ್ಯಾಕಾಶದಲ್ಲಿ ದಂತವೈದ್ಯರಿಲ್ಲ. 1978ರಲ್ಲಿ ಸಲ್ಯೂತ್-6 ನಿಲ್ದಾಣದಲ್ಲಿ ರಷ್ಯದ ಯೂರಿ ರೊಮಾನೆಂಕೊ ದಿನಗಟ್ಟಲೆ ಹಲ್ಲುನೋವು ಸಹಿಸಬೇಕಾಯಿತು. ಬೆಂಗಳೂರಿನ ಜರಡಿಯಲ್ಲಿ ಉಳಿದು ಬಂದ ಶುಭಾಂಶು ಶುಕ್ಲಾ 2025ರ ಜೂನ್‌ನಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೋದರು.

ಆದ್ದರಿಂದ ವಾಯುಪಡೆ ಸೇರಬಯಸುವವರು ಇಕ್ಕಳಕ್ಕೆ ಬಾಯೊಡ್ಡುವ ಮುನ್ನ ಎಕ್ಸ್‌ರೇ ತೆಗೆಸುವುದು ಲೇಸು. ಹುಳುಕಿದ್ದರೆ ಮೊದಲೇ ತುಂಬಿಸಿಕೊಳ್ಳಲಿ. ಹಲ್ಲು ಅಡ್ಡ ಬಿದ್ದಿದ್ದರೆ ವೈದ್ಯರ ಮಾತು ಕೇಳಲಿ. ನೆಟ್ಟಗೆ ಬೆಳೆದ ಹಲ್ಲನ್ನು ಮಾತ್ರ ಹಾಗೆಯೇ ಬಿಡಲಿ. ಅದಕ್ಕೆ ಎರಡು ಅಂಕವಿದೆ.